ಕಿವಿಗೆ ಎರಡು ಬೆರಳು ದೂರ

ಶಾಲೆಗಳ ಗುಣಾವಗುಣಗಳ ಬಗ್ಗೆ ನಮ್ಮ ಚಾಮರಾಜಪೇಟೆಯ ಬೀದಿಯಲ್ಲಿ ಮಾತಾಡುವ ಹಕ್ಕು ಯಾರಿಗಾದರೂ ಇದ್ದರೆ ಅದು ಚಕ್ರಪಾಣಿ ಮೇಷ್ಟರಿಗೆ. ಬಾವಿಕಟ್ಟೆ ಸರ್ಕಾರಿ ಶಾಲೆಗೆ ಅವರೇ ಹೆಡ್‌ಮಾಸ್ಟರು. ಆದರೆ ಹಗಲೆಲ್ಲ ಮಾತಾಡಿ ಬಂದ ಮನುಷ್ಯ ಸಂಜೆ ತಮ್ಮ ಜಗಲಿಯ ಮೇಲೆ ನಶ್ಯದ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಬಾಯಿ ಮುಚ್ಚಿ ಕೂರುತ್ತಿದ್ದರು. ಹೀಗೆ ಖಾಲಿ ಬಿದ್ದಿದ್ದ ಹಕ್ಕನ್ನು ಎದುರುಮನೆಯ ಶಂಭುಲಿಂಗಪ್ಪನವರು ಯಾರೂ ಕೇಳದೆಯೇ ವಹಿಸಿಕೊಂಡರು.

ಶಂಭುಲಿಂಗಪ್ಪನವರಿಗೆ ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ. ಓದಿದ್ದು ಲೋಯರ್ ಸೆಕೆಂಡರಿಯವರೆಗೆ. ಪಾಸು ಮಾಡುವ ಯೋಗ ಇರಲಿಲ್ಲ. ಆದರೆ ಬಟ್ಟೆಯ ವಿಷಯದಲ್ಲಿ ಅವರ ಬೆರಳು ಎಂದೂ ಮೋಸ ಹೋಗಿದ್ದಿಲ್ಲ. ಸುತ್ತಿಟ್ಟ ಬಟ್ಟೆಯ ಥಾನು ಬಿಚ್ಚುವುದೇ ಬೇಡ. ಅಂಚನ್ನು ಹಿಡಿದು ಒಮ್ಮೆ ಉಜ್ಜಿದರೆ ಸಾಕು, ಒಳಗಿನ ನೇಯ್ಗೆ ಎಂಥದು, ಎಷ್ಟು ಒಗೆತಕ್ಕೆ ಬಣ್ಣ ಬಿಡುತ್ತದೆ, ಎಲ್ಲವನ್ನೂ ಹೇಳಿಬಿಡುತ್ತಿದ್ದರು. ಈ ವಿದ್ಯೆಯನ್ನು ಶಾಲೆಗಳ ಮೇಲೂ ಪ್ರಯೋಗಿಸಬಹುದು ಎಂಬುದು ಮಾತ್ರ ಅವರ ಸ್ವಂತ ಸಂಶೋಧನೆ.

ಸ್ವಾತಂತ್ರ್ಯ ಬಂದು ಐದು ಬೇಸಿಗೆ ಕಳೆದಿದ್ದವು. ಅವರ ಮಗಳು ತ್ರಿಪುರಸುಂದರಿಯನ್ನು ಶಾಲೆಗೆ ಹಾಕುವ ವರ್ಷ ಅದು. ಪಕ್ಕದ ಮನೆಯ ಶೀನಣ್ಣನವರ ಮಗಳು ಗೋದಾಳನ್ನೂ ಹಾಕಬೇಕಾಗಿತ್ತು. ಶೀನಣ್ಣ ಅಕೌಂಟ್ಸ್ ಆಫೀಸಿನ ಗುಮಾಸ್ತರು. ಪಕ್ಕದವರು ಉಂಡು ಸುಧಾರಿಸಿಕೊಂಡ ಮೇಲೆಯೇ ತಾವು ಎಲೆ ಹಾಕಿಸಿಕೊಳ್ಳುವ ಜಾತಿಯ ಮನುಷ್ಯ. ಒಂದು ಸಂಜೆ ಮೇಷ್ಟರ ಜಗಲಿಯ ಮೇಲೆ, ಮೇಷ್ಟರು ಕೂತಿರುವಾಗಲೇ ಕೇಳಿದರು.

“ಶಂಭುಲಿಂಗಪ್ಪನೋರೇ, ಮಕ್ಕಳನ್ನ ಎಲ್ಲಿಗೆ ಹಾಕೋಣ ಅಂತೀರಿ? ನಮ್ಮ ಬಾವಿಕಟ್ಟೆ ಶಾಲೆಗೋ, ಬಸವನಗುಡೀಲಿ ಆ ಹೊಂಗೆಮರದ ಶಾಲೆಗೋ?”

“ಸುಮ್ನೆ ಹೇಳೋದಕ್ಕೆ ನಾನೇನು ಪಂಚಾಂಗದವನಲ್ಲ ಶೀನಣ್ಣ. ನೋಡಿ ಹೇಳ್ತೀನಿ,” ಎಂದರು ಶಂಭುಲಿಂಗಪ್ಪನವರು.

ಮರುದಿನ ಅಂಗಡಿಯನ್ನು ಬೇಗ ಮುಚ್ಚಿ ಬಸವನಗುಡಿಗೆ ಹೋಗಿ ಶಾಲೆ ಬಿಡುವ ಹೊತ್ತಿಗೆ ಗೇಟಿನೆದುರು ನಿಂತರು. ಅದರ ಮರುದಿನ ಬಾವಿಕಟ್ಟೆ ಶಾಲೆಯ ಗೇಟಿನೆದುರು. ಒಳಗೆ ಕಾಲಿಡಲಿಲ್ಲ, ಥಾನು ಬಿಚ್ಚುವ ಅಭ್ಯಾಸ ಅವರಿಗಿಲ್ಲ ಎಂದು ಆಗಲೇ ಹೇಳಿದೆನಲ್ಲ. ಮೂರನೆಯ ಸಂಜೆ ಜಗಲಿಯ ಮೇಲೆ ತೀರ್ಪು ಹೊರಬಿತ್ತು.

“ಬಟ್ಟೆ ನೋಡೋದು ಅಂಚಲ್ಲಿ, ಶಾಲೆ ನೋಡೋದು ಗೇಟಲ್ಲಿ. ಬಸವನಗುಡೀಲಿ ಗಂಟೆ ಹೊಡೀತು. ಮಕ್ಕಳು ಹೇಗೆ ಬಂದ್ವು ಅಂತೀರಿ? ಒಂದರ ಹಿಂದೆ ಒಂದು. ಎಳೆ ಎಳೆಯಾಗಿ. ಒಂದು ಮಗು ಇನ್ನೊಂದರ ಪಕ್ಕಕ್ಕೆ ಬಂತು ಅಂತಿಲ್ಲ. ಅಪ್ಪಟ ರೇಷ್ಮೆ ಕಣ್ರೀ ಅದು.”

“ನಮ್ಮ ಬಾವಿಕಟ್ಟೆ ಶಾಲೇದು?”

“ಕೆರೆ ಕಟ್ಟೆ ಒಡೆದ ಹಾಗೆ ನುಗ್ಗಿದ್ವು. ಒಬ್ಬನ ಟೋಪಿ ಇನ್ನೊಬ್ಬನ ಕೈಲಿ, ಒಬ್ಬಳ ಸ್ಲೇಟು ಇನ್ನೊಬ್ಬಳ ತಲೆ ಮೇಲೆ. ಮೇಷ್ಟ್ರು ಇಲ್ಲೇ ಕೂತಿದಾರೆ, ಹೇಳಬಾರದು. ಆದ್ರೂ ಹೇಳ್ತೀನಿ. ಗೋಣಿತಾಟು.”

ಮೇಷ್ಟರು ಒಂದು ಚಿಟಿಕೆ ನಶ್ಯ ಏರಿಸಿದರು. ಸೀನು ಬರುವವರೆಗೆ ಕಾದು, ಸೀನಿ, ಮೂಗು ಒರೆಸಿಕೊಂಡು, “ಹೌದೇ,” ಎಂದರು.

ಆ ಮನುಷ್ಯ ಜಗಳಕ್ಕೆ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ‘ಹೌದೇ’ ಎನ್ನುವ ಮಾತಿಗೆ ಯಾರು ಏನು ಉತ್ತರ ಕೊಡಲು ಸಾಧ್ಯ? ಶಂಭುಲಿಂಗಪ್ಪನವರಿಗೆ ಒಳಗೇ ಕುದಿಯಿತು. “ನನ್ನ ಮಗಳು ಹೊಂಗೆಮರದ ಶಾಲೇಲೇ ಓದೋದು. ಓದಲಿಲ್ಲ ಅನ್ನಿ, ನಾನು ಈ ಜಗಲಿ ಮೇಲೆ ಕೂರೋದಿಲ್ಲ,” ಎಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಜಗಲಿಯ ಹರಟೆ ಇಲ್ಲದೆ ಶಂಭುಲಿಂಗಪ್ಪನವರಿಗೆ ರಾತ್ರಿ ಊಟ ಸೇರುತ್ತಿರಲಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿತ್ತು.

ಅವರ ಹೆಂಡತಿ ರುದ್ರಾಣಿಗೆ ಜಗಲಿಯ ಚಿಂತೆ ಇರಲಿಲ್ಲ. ರೇಷ್ಮೆಯೋ ಗೋಣಿಯೋ, ಮಗಳು ಈ ವರ್ಷ ಶಾಲೆಗೆ ಸೇರಬೇಕು, ಅಷ್ಟೆ. ಆಕೆಯ ತವರಿನಲ್ಲಿ ‘ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ’ ಎಂದು ಹೇಳಿ ಹೇಳಿಯೇ ಆಕೆಯ ಓದನ್ನು ಎರಡನೇ ಕ್ಲಾಸಿಗೆ ನಿಲ್ಲಿಸಿದ್ದರು. ಒಂದು ವರ್ಷ ತಪ್ಪಿದರೆ ಮತ್ತೊಂದು ವರ್ಷ ತಪ್ಪುವುದು ಎಷ್ಟು ಸುಲಭ ಎಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅತ್ತೆ ಕಲ್ಯಾಣಮ್ಮನವರ ಲೆಕ್ಕವೇ ಬೇರೆ. “ಹೆಣ್ಣು ಹುಡುಗಿಗೆ ಶಾಲೆ ಯಾಕೋ ಶಂಭು? ಹೂ ಕಟ್ಟೋದು ನಾ ಹೇಳಿಕೊಡ್ತೀನಿ. ವಚನ ನಾ ಹೇಳಿಕೊಡ್ತೀನಿ. ಇನ್ನೇನು ಕಲೀಬೇಕು?” ಎಂದು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಕೇಳುತ್ತಿದ್ದರು. ಮಗ ಜಗ್ಗದಿದ್ದಾಗ ಅವರೇ ಸೋತರು. “ಹೋಗಲೇಬೇಕು ಅಂದ್ರೆ ಹೋಗ್ಲಿ. ಆದ್ರೆ ಮಗು ಮೊದಲನೇ ಸಲ ಸರಸ್ವತಿ ಹತ್ತಿರ ಹೋಗ್ತಿದೆ, ಬೋಳುತಲೇಲಿ ಕಳಿಸ್ತೀರಾ? ಮೊಗ್ಗಿನ ಜಡೆ ನಾನು ಹಾಕ್ತೀನಿ.”

ಕಲ್ಯಾಣಮ್ಮನವರ ಮೊಗ್ಗಿನ ಜಡೆ ಎಂದರೆ ಚಾಮರಾಜಪೇಟೆಯ ಮದುವೆ ಮನೆಗಳಲ್ಲೆಲ್ಲ ಹೆಸರು. ಮಲ್ಲಿಗೆ ಮೊಗ್ಗಿನ ಕಾಲ ಬೇರೆ. ತ್ರಿಪುರಸುಂದರಿಗೆ ಹೆಸರು ಇದ್ದಷ್ಟು ಉದ್ದ ಕೂದಲಿರಲಿಲ್ಲವಾದ್ದರಿಂದ ಚೌರಿ ಸೇರಿಸಿ ಸೊಂಟದವರೆಗೆ ಇಳಿಸಿದರು. ಅದರ ಮೇಲೆ ಸಾಲುಸಾಲಾಗಿ ಮೊಗ್ಗು ಹೊಲಿದು, ನೆತ್ತಿಯ ಮೇಲೆ ಮೊಗ್ಗಿನದೇ ಒಂದು ದಿಂಡು ಸುತ್ತಿ, ನಡುವೆ ಬೆಳ್ಳಿಯ ಬಿಲ್ಲೆ ಕೂರಿಸಿದರು. ಅರ್ಧ ಬೆಳಗು ಅದಕ್ಕೇ ಹೋಯಿತು. ಮಗು ಕತ್ತು ಅಲ್ಲಾಡಿಸದೆ, ತುಂಬಿದ ಕೊಡ ಹೊತ್ತವಳ ಹಾಗೆ ನಡೆದು ಬಂದು ಜಟಕಾ ಹತ್ತಿದಳು.

ಹೊಂಗೆಮರದ ಶಾಲೆಯ ಗೇಟಿಗೆ ಎರಡು ಕಬ್ಬಿಣದ ಬಾಗಿಲು. ಒಂದು ಮುಚ್ಚಿಯೇ ಇತ್ತು. ಇನ್ನೊಂದು ಓರೆಯಾಗಿ ತೆರೆದು, ಒಬ್ಬರು ಮೈ ಹಿಡಿಮಾಡಿಕೊಂಡು ತೂರುವಷ್ಟು ಸಂದಿ ಬಿಟ್ಟಿತ್ತು. “ನೋಡಿದ್ಯೇನೇ, ಒಳಗೆ ಹೋಗೋದಕ್ಕೂ ಒಂದು ಕ್ರಮ ಇದೆ,” ಎಂದು ಶಂಭುಲಿಂಗಪ್ಪನವರು ಹೆಂಡತಿಗೆ ಹೇಳಿ, ಮೊದಲು ರುಮಾಲು, ಆಮೇಲೆ ಹೊಟ್ಟೆ, ಹೀಗೆ ಕ್ರಮವಾಗಿ ಒಳಗೆ ಹೋದರು.

ಹೆಡ್‌ಮಾಸ್ಟರ್ ರೇವಣಸಿದ್ದಯ್ಯನವರು ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಜರಿಪೇಟದಲ್ಲಿ ಕೂತಿದ್ದರು. ಮುಖದಲ್ಲಿ ನಗು ಬಂದರೆ ಇಲಾಖೆಗೆ ತಿಳಿಸಬೇಕಾದೀತು ಎನ್ನುವಂಥ ಮನುಷ್ಯ.

“ಹುಡುಗಿ ಹುಟ್ಟಿದ್ದು ಯಾವಾಗ?”

“ಸ್ವಾತಂತ್ರ್ಯ ಬರೋದಕ್ಕೆ ಮುಂಚೆ ಸ್ವಾಮಿ. ಹುಣಸೆಹಣ್ಣು ಕುಟ್ಟೋ ಕಾಲ.”

ಆಗೆಲ್ಲ ಹುಟ್ಟಿದ ದಿನ ಹೀಗೆಯೇ ಇರುತ್ತಿತ್ತು. ಅದಕ್ಕಾಗಿಯೇ ಶಾಲೆಗಳಲ್ಲಿ ಒಂದು ಪರೀಕ್ಷೆ ಇಟ್ಟಿದ್ದರು. ಮಗು ಬಲಗೈಯನ್ನು ನೆತ್ತಿಯ ಮೇಲಿಂದ ಬಳಸಿ ಎಡಗಿವಿಯನ್ನು ಮುಟ್ಟಬೇಕು. ಮುಟ್ಟಿದರೆ ಶಾಲೆಯ ವಯಸ್ಸು. ಮುಟ್ಟದಿದ್ದರೆ ಮುಂದಿನ ವರ್ಷ. ತ್ರಿಪುರಸುಂದರಿ ಕೈ ಎತ್ತಿದಳು. ಕೈ ಮೊಗ್ಗಿನ ದಿಂಡನ್ನು ಹತ್ತಿತು, ಬೆಳ್ಳಿ ಬಿಲ್ಲೆಯನ್ನು ದಾಟಿತು, ಆಚೆ ಬದಿಗೆ ಇಳಿಯುವಷ್ಟರಲ್ಲಿ ಮುಗಿದುಹೋಯಿತು. ಹೆಡ್‌ಮಾಸ್ಟರು ಬಗ್ಗಿ ನೋಡಿದರು.

“ಎರಡು ಬೆರಳು ಕಮ್ಮಿ. ಮುಂದಿನ ವರ್ಷ ಕರ್ಕೊಂಡು ಬನ್ನಿ.”

“ಎರಡೇ ಬೆರಳು ಅಲ್ವೇ ಸ್ವಾಮಿ. ನಾವು ಬಟ್ಟೇಲಿ ಎರಡು ಬೆರಳು ಜಾಸ್ತೀನೇ ಬಿಟ್ಟು ಹರೀತೀವಿ.”

“ಇದು ಅಂಗಡಿ ಅಲ್ಲ. ಹೋದ ವರ್ಷ ಒಬ್ಬ ಅಮಲ್ದಾರರ ಮೊಮ್ಮಗನಿಗೆ ಒಂದು ಬೆರಳು ಕಮ್ಮಿ ಇತ್ತು. ವಾಪಸು ಕಳಿಸಿದೆ.”

ಬೇರೆ ಯಾವ ತಂದೆಯಾದರೂ ಮುಖ ಸಣ್ಣಗೆ ಮಾಡಿಕೊಂಡು ಹೊರಗೆ ಬರುತ್ತಿದ್ದ. ಶಂಭುಲಿಂಗಪ್ಪನವರ ಮುಖ ಹಬ್ಬದ ದಿನದ ಹಾಗಿತ್ತು. “ಕೇಳಿಸ್ಕೊಂಡ್ಯಾ? ಅಮಲ್ದಾರರ ಮೊಮ್ಮಗನ್ನೇ ವಾಪಸು ಕಳಿಸಿದಾರೆ. ಏನು ಶಾಲೆ, ಏನು ಶಾಲೆ.”

“ನಮ್ಮ ಮಗಳನ್ನೂ ಕಳಿಸಿದ್ರಲ್ಲ,” ಎಂದಳು ರುದ್ರಾಣಿ.

ಶನಿವಾರ ಎಣ್ಣೆನೀರಿನ ದಿನ. ಬಚ್ಚಲಿಂದ ಬಂದ ತ್ರಿಪುರಸುಂದರಿ ಒದ್ದೆ ಕೂದಲು ಬಿಟ್ಟುಕೊಂಡು ನಡುಮನೆಯಲ್ಲಿ ಕೂತಿದ್ದಳು. ಎಡಗಿವಿಯೊಳಗೆ ನೀರು ಹೋಗಿತ್ತು. ಎಡಗೈಯಲ್ಲಿ ಕೊಬ್ಬರಿ ಬೆಲ್ಲ ಇತ್ತು. ಹಾಗಾಗಿ ಬಲಗೈಯನ್ನು ನೆತ್ತಿಯ ಮೇಲಿಂದ ಹಾಕಿ ಎಡಗಿವಿಯನ್ನು ಕೆರೆದುಕೊಂಡಳು. ರುದ್ರಾಣಿಯ ಕೈಯಿಂದ ಸೀಗೆಪುಡಿಯ ಬಟ್ಟಲು ಜಾರಿತು.

“ಏನೂಂದ್ರೆ, ಬನ್ನಿ ಇಲ್ಲಿ. ಮುಟ್ತಿದಾಳೆ.”

ಶಂಭುಲಿಂಗಪ್ಪನವರು ಓಡಿ ಬಂದರು. ಮತ್ತೊಮ್ಮೆ ಮುಟ್ಟಿಸಿದರು. ಕಿವಿ ಮಾತ್ರವಲ್ಲ, ಕಿವಿಯ ಓಲೆಯೂ ಸಿಕ್ಕಿತು. ಕಲ್ಯಾಣಮ್ಮನವರು ಸಾಂಬ್ರಾಣಿ ಹೊಗೆಯ ಬುಟ್ಟಿ ಹಿಡಿದು ಮೊಮ್ಮಗಳ ತಲೆಯನ್ನೇ ನೋಡಿದರು. ಏನೋ ಹೇಳಲು ಬಾಯಿ ತೆರೆದರು, ಮತ್ತೆ ಮುಚ್ಚಿಕೊಂಡು ಹೊಗೆ ಹಾಕಲು ಶುರುಮಾಡಿದರು.

ಮನೆಯಲ್ಲಿ ಸಿಗುವ ಕಿವಿ ಶಾಲೆಯಲ್ಲಿ ಏಕೆ ಸಿಗುವುದಿಲ್ಲ? ಅಂದು ಸಂಜೆ ಜಗಲಿಯ ಮೇಲೆ ಇದೇ ಚರ್ಚೆ. ರಾಹುಕಾಲದಲ್ಲಿ ಹೋಗಿದ್ದಿರಬೇಕು ಎಂದರು ಒಬ್ಬರು. ಬಸವನಗುಡಿ ಎತ್ತರದ ಜಾಗ, ಎತ್ತರದಲ್ಲಿ ತಂಪಿಗೆ ನರ ಮುದುಡುತ್ತದೆ ಎಂದರು ಶೀನಣ್ಣ. ಶಂಭುಲಿಂಗಪ್ಪನವರು ಎಲ್ಲರ ಮಾತನ್ನೂ ಕೇಳಿ ತಲೆಯನ್ನು ಅಡ್ಡಡ್ಡ ಆಡಿಸಿದರು.

“ಅದೆಲ್ಲ ಅಲ್ಲ. ಅದು ಆ ಶಾಲೆಯ ಸ್ಟ್ಯಾಂಡರ್ಡು. ಮನೇಲಿ ಗೊತ್ತಿರೋ ಲೆಕ್ಕ ಪರೀಕ್ಷೇಲಿ ಮರೆತುಹೋಗಲ್ವೇ? ಹಾಗೆ. ಒಳ್ಳೇ ಶಾಲೇಲಿ ಕಿವೀನೂ ಸುಲಭಕ್ಕೆ ಸಿಗಲ್ಲ.”

“ಹೌದೇ,” ಎಂದರು ಮೇಷ್ಟರು.

ಅಲ್ಲಿಂದ ನಮ್ಮ ಬೀದಿಗೆ ಒಂದು ಹೊಸ ಚಾಳಿ ಹತ್ತಿತು. ಕಂಡಕಂಡವರೆಲ್ಲ ತಲೆಯ ಮೇಲೆ ಕೈ ಹಾಕಿ ಕಿವಿ ಹುಡುಕಲಾರಂಭಿಸಿದರು. ಬರಿದಲೆಯ ಶೀನಣ್ಣನವರಿಗೆ ಒಂದೇ ಏಟಿಗೆ ಸಿಕ್ಕಿತು. ಅಕೌಂಟ್ಸ್ ಆಫೀಸಿನವರ ಕೈ ಉದ್ದ ಎಂದು ಅವರೇ ವಿವರಣೆ ಕೊಟ್ಟರು. ಸೊಪ್ಪಿನ ಮಾಯಣ್ಣ ಬುಟ್ಟಿ ಇಳಿಸದೆಯೇ ಪ್ರಯತ್ನಿಸಿ, ಕೈ ಬುಟ್ಟಿಯ ಮೇಲೆಯೇ ಉಳಿದದ್ದನ್ನು ಕಂಡು, “ಹಂಗಾರೆ ನಾನಿನ್ನೂ ಚಿಕ್ಕೋನೇ ಬುಡಿ,” ಎಂದು ಖುಷಿಯಾಗಿ ಹೊರಟುಹೋದ. ಶಂಭುಲಿಂಗಪ್ಪನವರೂ ಪ್ರಯತ್ನಿಸಿದರು. ಅವರು ಲಿಂಗಪೂಜೆಗೆ ಮತ್ತು ನಿದ್ದೆಗೆ ಬಿಟ್ಟರೆ ರುಮಾಲು ತೆಗೆಯುವವರಲ್ಲ. ಕೈ ರುಮಾಲಿನ ಸುತ್ತುಗಳನ್ನು ಏರಿ ಅಲ್ಲೇ ಸುಸ್ತಾಯಿತು. “ಮಗಳು ನಿಮ್ಮ ಹಾಗೇ,” ಎಂದರು ಶೀನಣ್ಣ. ವಂಶದಲ್ಲೇ ಕೈ ಗಿಡ್ಡ ಎಂದು ಶಂಭುಲಿಂಗಪ್ಪನವರು ಕೊರಗಿದರು.

ಪ್ರವೇಶ ಮುಗಿಯಲು ಇನ್ನೆರಡೇ ದಿನ ಉಳಿದಾಗ ಮತ್ತೊಮ್ಮೆ ಹೊರಟರು. ಈ ಸಲ ಶೀನಣ್ಣನವರೂ ಗೋದಾಳನ್ನು ಕರೆದುಕೊಂಡು ಜೊತೆಯಾದರು. ಅಷ್ಟು ದೊಡ್ಡ ಶಾಲೆಗೆ ಹೋದ ಸಲದ ಜಡೆ ಸಾಲದು ಎಂದು ಕಲ್ಯಾಣಮ್ಮನವರು ತಾವಾಗಿಯೇ ಹೇಳಿದರು. ನೆತ್ತಿಯ ಮೇಲೆ ಒಂದಿದ್ದ ದಿಂಡು ಎರಡಾಯಿತು. ಬಿಲ್ಲೆಯ ಜಾಗಕ್ಕೆ ಹೆಡೆ ಎತ್ತಿದ ನಾಗರ ಬಂತು. ಗೋದಾಳಿಗೂ ಹಾಗೆಯೇ ಹಾಕಿ, ಇಬ್ಬರನ್ನೂ ಜಟಕಾಕ್ಕೆ ಹತ್ತಿಸಿ, ದೃಷ್ಟಿ ತೆಗೆದು ಕಳಿಸಿದರು.

ರೇವಣಸಿದ್ದಯ್ಯನವರು ಮತ್ತೆ ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

“ನಾಲ್ಕು ಬೆರಳು ಕಮ್ಮಿ ಇದೆಯಲ್ರೀ. ಹೋದ ಸಲ ಎರಡೇ ಇತ್ತು. ಮಕ್ಕಳು ಬೆಳೆಯೋದು ನೋಡಿದೀನಿ. ಹಿಂದಕ್ಕೆ ಹೋಗೋದನ್ನ ಇದೇ ಮೊದಲು ನೋಡಿದ್ದು.”

“ಮನೇಲಿ ಓಲೆ ಸಮೇತ ಸಿಗುತ್ತೆ ಸ್ವಾಮಿ. ಇಲ್ಲಿಗೆ ಬಂದ್ರೆ ಇಲ್ಲ.”

“ಮನೆ ಕಿವಿ ಇಲ್ಲಿ ನಡೆಯೋಲ್ಲ.”

ಗೋದಾಳಿಗೂ ಅದೇ ಗತಿಯಾದಾಗ ಶೀನಣ್ಣನವರ ಮುಖ ಕೆಂಪಗಾಯಿತು. ಆದರೆ ಅವರು ಸರ್ಕಾರಿ ನೌಕರರು, ಸರ್ಕಾರಿ ಮೇಜಿನ ಎದುರು ಮಾತಾಡಲಾರರು. ಶಂಭುಲಿಂಗಪ್ಪನವರಿಗೆ ಜಗಲಿ ಕಣ್ಣಮುಂದೆ ಬಂತು. ಅಲ್ಲಿ ತಮ್ಮ ಜಾಗದಲ್ಲಿ ಬೇರೆ ಯಾರೋ ಕೂತಿದ್ದ ಹಾಗೆ ಕಂಡಿತು.

“ಕೋಪ ಮಾಡ್ಕೋಬೇಡಿ ಸ್ವಾಮಿ. ತಮಗೆ ಸಿಗುತ್ತೋ?”

“ಏನು?”

“ಕಿವಿ.”

ಯಾರೇ ಆದರೂ ಬೈದು ಹೊರಗೆ ಕಳಿಸುವಂಥ ಪ್ರಶ್ನೆ. ಆದರೆ ರೇವಣಸಿದ್ದಯ್ಯನವರು ನಿಯಮಕ್ಕೆ ಕಟ್ಟುಬಿದ್ದವರು. ತಾವೇ ಪಾಲಿಸಲಾಗದ ನಿಯಮವನ್ನು ಹೇಗೆ ಹೇರುವುದು? ಗಂಭೀರವಾಗಿ ಎದ್ದು ನಿಂತು, ಜರಿಪೇಟದ ಮೇಲಿಂದ ಬಲಗೈ ಹಾಕಿದರು. ಕೈ ಜರಿಯ ತುದಿಯಲ್ಲಿ ನಿಂತಿತು. ಒಂದು ಪಕ್ಕಕ್ಕೆ ಬಾಗಿ ನೋಡಿದರು. ಗೋಡೆಗೆ ಒರಗಿ ನೋಡಿದರು. ಅಷ್ಟು ಹೊತ್ತಿಗೆ ಸರಿಯಾಗಿ, ಅದೇ ದಿನ ಶಾಲೆ ನೋಡಲು ಬರಬೇಕಿದ್ದ ಇನ್ಸ್‌ಪೆಕ್ಟರು ಬಾಗಿಲಲ್ಲಿ ನಿಂತಿದ್ದರು. ದಪ್ಪ ಆಳು, ತಲೆಯ ಮೇಲೆ ದುಂಡನೆಯ ಹ್ಯಾಟು, ಗೇಟಿನ ಸಂದಿಯಲ್ಲಿ ತೂರಿ ಬಂದದ್ದಕ್ಕೆ ಕೋಟಿನ ಒಂದು ಗುಂಡಿ ಕಿತ್ತುಹೋಗಿತ್ತು.

“ಏನ್ರೀ ಇದು, ಡ್ರಿಲ್ಲಾ?”

ಹೆಡ್‌ಮಾಸ್ಟರು ಕೈ ಇಳಿಸದೆಯೇ ಸಂಗತಿ ವಿವರಿಸಿದರು. ಇನ್ಸ್‌ಪೆಕ್ಟರು ನಂಬಲಿಲ್ಲ. ತಾವೂ ಕೈ ಹಾಕಿ ನೋಡಿದರು. ಬೆರಳು ಹ್ಯಾಟಿನ ಅಂಚಿಗೆ ಹೋಗಿ ಅಲ್ಲೇ ಉಳಿಯಿತು. ಶಂಭುಲಿಂಗಪ್ಪನವರಿಗೆ ಮಾತ್ರ ತಮ್ಮ ವಂಶದ ಮೇಲಿದ್ದ ಅನುಮಾನ ನಿವಾರಣೆಯಾಗಿ ಸಮಾಧಾನವಾಯಿತು.

“ಅಂದ್ರೆ ಈ ನಿಯಮದ ಪ್ರಕಾರ ನೀವೂ ನಾನೂ ಒಂದನೇ ಕ್ಲಾಸಿಗೆ ಲಾಯಕ್ಕಿಲ್ಲ,” ಎಂದರು ಇನ್ಸ್‌ಪೆಕ್ಟರು ಕೊನೆಗೆ. “ನಿಯಮದಲ್ಲೇ ಏನೋ ಲೋಪ ಇದೆ. ನಾನು ಮೇಲಕ್ಕೆ ಬರೀತೀನಿ. ಉತ್ತರ ಬರೋವರೆಗೆ ಈ ಶಾಲೇಲಿ ಒಂದನೇ ಕ್ಲಾಸಿಗೆ ಯಾರನ್ನೂ ಸೇರಿಸ್ಕೋಬೇಡಿ.”

“ಉತ್ತರ ಯಾವಾಗ ಬರುತ್ತೆ ಶೀನಣ್ಣ?” ಎಂದು ಶಂಭುಲಿಂಗಪ್ಪನವರು ಪಿಸುಗುಟ್ಟಿದರು.

“ಗೋದಾ ಮದುವೆ ಹೊತ್ತಿಗೆ ಬರಬಹುದು,” ಎಂದರು ಸರ್ಕಾರದ ರೀತಿನೀತಿ ಬಲ್ಲ ಶೀನಣ್ಣ.

ಇನ್ಸ್‌ಪೆಕ್ಟರು ಹೊರಡುವಾಗ ಗೇಟಿನ ಸಂದಿಯಲ್ಲಿ ಎರಡನೆಯ ಗುಂಡಿಯೂ ಹೋಗಿ, ಅವರು ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡರು. “ಆ ಇನ್ನೊಂದು ಬಾಗಿಲು ಯಾಕ್ರೀ ತೆಗೆಯೋದಿಲ್ಲ?” ಎಂದು ಗದರಿದರು. ಅದು ತುಕ್ಕು ಹಿಡಿದು ವರ್ಷಗಳೇ ಆಗಿವೆ, ರಿಪೇರಿಗೆ ಬರೆದಿದ್ದೇವೆ, ಉತ್ತರ ಬಂದಿಲ್ಲ ಎಂದರು ಹೆಡ್‌ಮಾಸ್ಟರು. ಇಬ್ಬರು ಜವಾನರು ಒದ್ದರು, ಮೂರನೆಯವನು ಹಾರೆ ಹಾಕಿ ಮೀಟಿದ. ಬಾಗಿಲು ಕಿರ್ರೆಂದು ಅಂಗಳದ ಕಡೆಗೆ ತೆರೆದುಕೊಂಡಿತು. ಆಗಲೇ ಸಂಜೆಯ ಗಂಟೆಯೂ ಹೊಡೆಯಿತು.

ಮುಂದಿನದನ್ನು ಶಂಭುಲಿಂಗಪ್ಪನವರು ಮರೆಯಲಿಲ್ಲ. ರೇಷ್ಮೆಯ ಎಳೆಯ ಹಾಗೆ ಒಂದರ ಹಿಂದೆ ಒಂದು ಬರುತ್ತಿದ್ದ ಮಕ್ಕಳು ಗೇಟು ಪೂರ್ತಿ ತೆರೆದದ್ದನ್ನು ಕಂಡು ಒಂದು ಗಳಿಗೆ ನಿಂತವು. ಆಮೇಲೆ ಹೋ ಎಂದು ನುಗ್ಗಿದವು. ಟೋಪಿಗಳು ಹಾರಿದವು, ಸ್ಲೇಟುಗಳು ತಲೆಗಳ ಮೇಲೆ ಕೂತವು. ಇನ್ಸ್‌ಪೆಕ್ಟರ ಹ್ಯಾಟು ಹೊಂಗೆಮರದ ಬುಡದವರೆಗೆ ಉರುಳಿಕೊಂಡು ಹೋಯಿತು.

“ಅಂಚು ಹೇಗಿದೆ?” ಎಂದು ಶೀನಣ್ಣ ಕೇಳಿದರು. ದಾರಿಯುದ್ದಕ್ಕೂ ಅವರು ಆಡಿದ್ದು ಅದೊಂದೇ ಮಾತು.

ಜಟಕಾ ನಮ್ಮ ಬೀದಿಯಲ್ಲಿ ಎರಡು ಮನೆಗಳ ನಡುವೆ ನಿಂತಿತು. ಮೇಷ್ಟರು ಜಗಲಿಯ ಮೇಲಿದ್ದರು. ಶಂಭುಲಿಂಗಪ್ಪನವರು ಇಳಿದವರೇ ಕುದುರೆಯ ಆಚೆ ಬದಿಗೆ ಹೋಗಿ, ಅದರ ಕತ್ತು ಸವರುತ್ತ ನಿಂತುಬಿಟ್ಟರು. ಕುದುರೆಯ ಮೇಲೆ ಅವರಿಗೆ ಅಂಥ ಪ್ರೀತಿ ಅದುವರೆಗೆ ಇರಲಿಲ್ಲ. ರುದ್ರಾಣಿ ಒಂದು ಸಲ ಗಂಡನ ಕಡೆ ನೋಡಿದಳು. ಮಗಳ ಕೈ ಹಿಡಿದುಕೊಂಡು ಬೀದಿ ದಾಟಿ ಮೇಷ್ಟರ ಜಗಲಿಯ ಮುಂದೆ ನಿಂತಳು.

“ಮೇಷ್ಟ್ರೇ, ನಮ್ಮ ಯಜಮಾನ್ರು ಏನೇನೋ ಅಂದಿದಾರೆ. ಮನಸ್ಸಲ್ಲಿ ಇಟ್ಕೋಬೇಡಿ. ನಾನು ಎರಡನೇ ಕ್ಲಾಸಿಗೇ ನಿಂತೋಳು. ಈ ವರ್ಷ ಬೇಡ, ಮುಂದಿನ ವರ್ಷ ಅಂತಾನೇ ನಂದು ನಿಂತಿದ್ದು. ಇವಳದು ನಿಲ್ಲಬಾರದು.”

ರುದ್ರಾಣಿ ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ನಮ್ಮ ಬೀದಿ ಅದೇ ಮೊದಲು ಕೇಳಿದ್ದು. ಮೇಷ್ಟರು ನಶ್ಯದ ಡಬ್ಬಿಯನ್ನು ತೆರೆಯದೆಯೇ ಕೆಳಗಿಟ್ಟರು.

“ಸೇರಿಸ್ಕೊಳ್ಳೋದಕ್ಕೇ ನಾನು ಇರೋದಮ್ಮ. ಆದ್ರೆ ಕಿವಿ ನಮ್ಮಲ್ಲೂ ಮುಟ್ಟಬೇಕು. ಗೋಣಿತಾಟಿಗೂ ಅಳತೆ ಅಂತ ಒಂದಿರುತ್ತೆ.”

ತ್ರಿಪುರಸುಂದರಿ ಕೈ ಎತ್ತಿದಳು. ಕೈ ನಾಗರ ಹೆಡೆಗೆ ತಾಗಿ ನಿಂತಿತು. ಮಗುವಿನ ಕೆಳತುಟಿ ನಡುಗತೊಡಗಿತು. ಮೇಷ್ಟರು ಆ ತುಟಿಯನ್ನು ನೋಡಿದರು, ಆಮೇಲೆ ನೆತ್ತಿಯನ್ನು ನೋಡಿದರು.

“ಮನೇಲಿ ಮುಟ್ತಾಳೇನಮ್ಮ?”

“ಮುಟ್ತಾಳೆ ಮೇಷ್ಟ್ರೇ. ಎಣ್ಣೆನೀರು ಹಾಕ್ಕೊಂಡಾಗ ಮುಟ್ತಾಳೆ. ಬೆಳಗ್ಗೆ ಎದ್ದಾಗ ಮುಟ್ತಾಳೆ.”

“ಶಂಭುಲಿಂಗಪ್ಪನೋರೇ, ಆ ಕುದುರೆ ಹಿಂದಿಂದ ಈಚೆ ಬನ್ನಿ. ಬಂದ್ರಾ? ರುಮಾಲು ತೆಗೀರಿ.”

ಬೀದಿಯಲ್ಲಿ ರುಮಾಲು ತೆಗೆಯುವುದೆಂದರೆ ಶಂಭುಲಿಂಗಪ್ಪನವರಿಗೆ ಪಂಚೆ ಬಿಚ್ಚಿದಷ್ಟೇ ಕಷ್ಟ. ಆದರೂ ತೆಗೆದರು. ಬೋಳುತಲೆ ಸಂಜೆಯ ಬಿಸಿಲಿಗೆ ಮಿರುಗಿತು.

“ಈಗ ಕೈ ಹಾಕಿ.”

ಹಾಕಿದರು. ಕಿವಿ ಸಿಕ್ಕಿತು. ಬಿಟ್ಟು ಮತ್ತೆ ಹಿಡಿದರು, ಮತ್ತೆ ಸಿಕ್ಕಿತು. ಕಿವಿ ಹಿಡಿದುಕೊಂಡೇ ಮಗಳ ತಲೆಯನ್ನು ನೋಡಿದರು. ಶೀನಣ್ಣ ಗೋದಾಳ ತಲೆ ನೋಡಿದರು. ಆಮೇಲೆ ಎಲ್ಲರೂ ಎದುರುಮನೆಯ ಬಾಗಿಲಲ್ಲಿ ನಿಂತಿದ್ದ ಕಲ್ಯಾಣಮ್ಮನವರನ್ನು ನೋಡಿದರು.

ಅವರು ನಿಧಾನವಾಗಿ ಮೆಟ್ಟಿಲಿಳಿದು ಬೀದಿ ದಾಟಿ ಬಂದರು. “ನಾನು ಕಟ್ಟಿದ್ದು. ನಾನೇ ಬಿಚ್ತೀನಿ,” ಎಂದು ಮೊಮ್ಮಗಳನ್ನು ಜಗಲಿಯ ಅಂಚಿಗೆ ಕೂರಿಸಿಕೊಂಡು ನಾಗರವನ್ನು ತೆಗೆದರು. “ಮೊದಲನೇ ಸಲ ನನಗೂ ಗೊತ್ತಿರ್ಲಿಲ್ಲ ಮೇಷ್ಟ್ರೇ. ಎರಡನೇ ಸಲ ಗೊತ್ತಿತ್ತು.”

“ಅವ್ವಾ,” ಎಂದರು ಶಂಭುಲಿಂಗಪ್ಪನವರು.

“ಸುಮ್ನಿರೋ. ನೀನು ಬೆಳಗ್ಗೆ ಅಂಗಡಿಗೆ ಹೋದ್ರೆ ದೀಪ ಹಚ್ಚೋ ಹೊತ್ತಿಗೆ ಬರ್ತೀಯ. ಬಂದವನು ಈ ಜಗಲಿಗೆ ಬರ್ತೀಯ. ಇವಳಿಗೆ ಒಲೆ ಮುಂದಿನ ಕೆಲಸವೇ ಮುಗಿಯಲ್ಲ. ನಿಮ್ಮಪ್ಪ ಹೋದಮೇಲೆ ಇಡೀ ಹಗಲು ನನ್ನ ಹತ್ತಿರ ಮಾತಾಡೋದು ಈ ಮಗು ಒಂದೇ. ಇನ್ನೊಂದು ವರ್ಷ ಮನೇಲಿರ್ಲಿ ಅಂತ ಆಸೆ ಆಯ್ತು.”

ಯಾರೂ ನಗಲಿಲ್ಲ. ಹರಟೆಗೆ ಹೆಸರಾದ ಜಗಲಿಯ ಮೇಲೆ ಮೊಗ್ಗುಗಳು ಒಂದೊಂದಾಗಿ ಉದುರಿದವು. ಅತ್ತೆಯ ಬೆರಳು ಚೌರಿಯ ಗಂಟಿನಲ್ಲಿ ತಡವರಿಸಿದಾಗ ರುದ್ರಾಣಿಯೂ ಪಕ್ಕದಲ್ಲಿ ಕೂತು ಕೈ ಹಾಕಿದಳು. ಬೈಯಲಿಲ್ಲ. ಆ ಕಡೆ ಶೀನಣ್ಣ ಗೋದಾಳ ಜಡೆಯನ್ನು ತಾವೇ ಬಿಚ್ಚಲು ಹೋಗಿ, ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಕುಣಿಯುತ್ತಿದ್ದರು.

ಕೂದಲು ಹೆಗಲ ಮೇಲೆ ಬಿದ್ದ ಕೂಡಲೇ ತ್ರಿಪುರಸುಂದರಿ ಕೈ ಹಾಕಿ ಎಡಗಿವಿಯನ್ನು ಹಿಡಿದು, ಬಿಟ್ಟರೆ ಮತ್ತೆ ಕಳೆದುಹೋದೀತು ಎಂಬ ಹಾಗೆ ಗಟ್ಟಿಯಾಗಿ ತಿರುಚಿದಳು. “ಸಿಕ್ತು,” ಎಂದಳು.

“ಸಿಕ್ತಮ್ಮ. ನಾಳೆ ಬಾ,” ಎಂದರು ಮೇಷ್ಟರು.

ಹೀಗೆ ರೇಷ್ಮೆ ಹೋಗಿ ಗೋಣಿತಾಟು ಉಳಿಯಿತು. ಮಗಳು ಶಾಲೆಗೆ ಹೋದ ಮೊದಲ ದಿನ ಶಂಭುಲಿಂಗಪ್ಪನವರು ಅಭ್ಯಾಸಬಲದಿಂದ ಬಾವಿಕಟ್ಟೆ ಶಾಲೆಯ ಗೇಟಿನೆದುರು ನಿಂತಿದ್ದರು. ಗಂಟೆ ಹೊಡೆಯಿತು, ಕಟ್ಟೆ ಒಡೆಯಿತು. ಎಲ್ಲರಿಗಿಂತ ಮುಂದೆ, ಗೋದಾಳ ಸ್ಲೇಟನ್ನು ತಲೆಯ ಮೇಲಿಟ್ಟುಕೊಂಡು, ಕೂಗುತ್ತ ಓಡಿ ಬಂದವಳು ಅವರ ಮಗಳೇ. ಅವರೂ ಮಗಳ ಹಿಂದೆ ಓಡಬೇಕಾಯಿತು.

ಅಂದು ಸಂಜೆ ಮೇಷ್ಟರ ಜಗಲಿಯ ಕಂಬಕ್ಕೆ ಒರಗಿ ನಿಂತೇ ಇದ್ದರು.

“ಕೂತ್ಕೊಳ್ಳಿ,” ಎಂದರು ಮೇಷ್ಟರು.

“ಮಾತು ಆಡಿಬಿಟ್ಟಿದೀನಲ್ಲ ಮೇಷ್ಟ್ರೇ. ಈ ಜಗಲಿ ಮೇಲೆ ಹೇಗೆ ಕೂರಲಿ?”

ಮೇಷ್ಟರು ಒಳಗೆ ಹೋಗಿ ಅಕ್ಕಿಮೂಟೆಯ ಹಳೆಯ ಗೋಣಿತಾಟೊಂದನ್ನು ತಂದು, ಕೊಡವಿ, ಜಗಲಿಯ ಮೇಲೆ ಹಾಸಿದರು. “ಇದರ ಮೇಲೆ ಕೂತ್ಕೊಳ್ಳಿ. ಆಗ ಜಗಲಿ ಮೇಲೆ ಕೂತ ಹಾಗಾಗಲ್ಲ.”

ಶಂಭುಲಿಂಗಪ್ಪನವರು ಕೂತರು. ಅಂಚನ್ನು ಬೆರಳಲ್ಲಿ ಹಿಡಿದು ಉಜ್ಜಲು ಹೋದವರು ಕೈ ಹಿಂದಕ್ಕೆ ತೆಗೆದುಕೊಂಡರು.

“ಹೇಗಿದೆ?” ಎಂದರು ಶೀನಣ್ಣ.

“ಮೆತ್ತಗಿದೆ,” ಎಂದರು ಶಂಭುಲಿಂಗಪ್ಪನವರು.

“ಹೌದೇ,” ಎಂದರು ಮೇಷ್ಟರು.

ಎದುರು ಜಗಲಿಯ ಮೇಲೆ ಕಲ್ಯಾಣಮ್ಮನವರು ಮಧ್ಯಾಹ್ನದಿಂದಲೂ ಕೂತಿದ್ದರು. ಮೊಮ್ಮಗಳು ಬಂದವಳೇ ಬೆಳಗ್ಗಿನಿಂದ ಸಂಜೆಯವರೆಗಿನದನ್ನೆಲ್ಲ ಉಸಿರು ಬಿಡದೆ ಒಪ್ಪಿಸಿದಳು. ಮನೆಯಲ್ಲಿದ್ದಾಗ ಇಡೀ ಹಗಲಿಗೆ ಆಡುತ್ತಿದ್ದುದಕ್ಕಿಂತ ಹೆಚ್ಚು ಮಾತು ಅದು. ಕಲ್ಯಾಣಮ್ಮನವರು ಎಲ್ಲವನ್ನೂ ಕೇಳಿದರು. ಆಮೇಲೆ ಬೀದಿಯ ಆ ಕಡೆ ಈ ಕಡೆ ನೋಡಿ, ತಮ್ಮ ಬಿಳಿಗೂದಲ ಮೇಲಿಂದ ಬಲಗೈ ಹಾಕಿ ಎಡಗಿವಿಯನ್ನು ಮುಟ್ಟಿದರು.

“ನೋಡೇ, ನನಗೂ ಸಿಗುತ್ತೆ.”

ತ್ರಿಪುರಸುಂದರಿ ಹೆಡ್‌ಮಾಸ್ಟರ ಹಾಗೆ ಬಗ್ಗಿ, ಅಜ್ಜಿಯ ಬೆರಳು ಕಿವಿಗೆ ತಾಗಿದೆಯೋ ಇಲ್ಲವೋ ಎಂದು ಹತ್ತಿರದಿಂದ ನೋಡಿದಳು.

“ಸರಿಯಾಗಿ ಸಿಕ್ತು. ಒಂದು ಕಡೆ ನಂದು, ಒಂದು ಕಡೆ ನಿಂದು,” ಎಂದು ತನ್ನ ಸ್ಲೇಟನ್ನು ಬರೆಯದ ಬದಿ ಮೇಲಾಗುವಂತೆ ಮಗುಚಿ ಅಜ್ಜಿಯ ಮಡಿಲಲ್ಲಿಟ್ಟಳು.